ಗಾಲಿಗೂ ಜೋಡಿ ಬೇಕು

ಅಥಣಿಯ ಪೇಟೆಯಲ್ಲಿ ಚಪ್ಪಲಿ ಕೊಳ್ಳುವ ರೈತನನ್ನು ನಿಂತು ನೋಡುವುದೇ ಒಂದು ಸೊಗಸು. ಆತನಿಗೆ ಆತುರವೆಂಬುದಿಲ್ಲ. ಎರಡನ್ನೂ ಮೆಟ್ಟಿ ನಾಲ್ಕು ಹೆಜ್ಜೆ ಆಚೆಗೆ, ನಾಲ್ಕು ಹೆಜ್ಜೆ ಈಚೆಗೆ ನಡೆಯುತ್ತಾನೆ, ಅಟ್ಟೆಯನ್ನು ಬಾಗಿಸುತ್ತಾನೆ, ಹೊಲಿಗೆಯನ್ನು ಉಗುರಿನಿಂದ ಕೆರೆಯುತ್ತಾನೆ, ಕೊನೆಗೆ ತೊಗಲನ್ನು ಮೂಸಿ ನೋಡಿ, ಬೆಲೆಯನ್ನೂ ಕೇಳದೆ ಕೆಳಗಿಟ್ಟು ಮುಂದಿನ ಅಂಗಡಿಗೆ ನಡೆದುಬಿಡುತ್ತಾನೆ. ಕೊಲ್ಹಾಪುರಿ ಎಂದು ಜಗತ್ತೆಲ್ಲ ಕರೆಯುವ ಆ ಪಾದರಕ್ಷೆಯ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲುಂಟು; ಬೆಳಗಾವಿ ಅವುಗಳಲ್ಲೊಂದು. ಮಾಡುವವನು ಅಷ್ಟು ಕುಶಲಿಯಾದಲ್ಲಿ ಕೊಳ್ಳುವವನೂ ಸ್ವಲ್ಪ ಕುಶಲಿಯಾಗದೆ ವಿಧಿಯಿಲ್ಲ.

ಇದೇ ಮನುಷ್ಯ ಮೋಟಾರಿಗೆ ಟಾಯರು ಕೊಳ್ಳಲು ಹೊರಟನೆನ್ನಿ, ಅವನ ಜಾಣತನವೆಲ್ಲ ಎಲ್ಲಿಯೋ ಅಡಗಿಹೋಗುತ್ತದೆ. 'ಎಷ್ಟಕ್ಕ ಕೊಡ್ತಿ?' ಎಂಬ ಒಂದೇ ಪ್ರಶ್ನೆಯಲ್ಲಿ ವ್ಯಾಪಾರ ಮುಗಿಯುತ್ತದೆ. ಕರಿಯ ರಬ್ಬರು, ದುಂಡನೆಯ ಆಕಾರ. ಒಂದಕ್ಕೂ ಇನ್ನೊಂದಕ್ಕೂ ಭೇದವೇನು? ಆದರೆ ಮೋಟಾರು ಎಷ್ಟೇ ದೊಡ್ಡದಿರಲಿ, ಎಷ್ಟೇ ವೇಗದ್ದಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಹೆಚ್ಚೆಂದರೆ ಒಂದು ಅಂಗೈಯಗಲ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈಗಳ ಕೃಪೆ. ಒಳಗೆ ಕುಳಿತವರ ಜೀವವೂ ಅಷ್ಟೆ.

ಇದನ್ನು ಕೊಕಟನೂರಿನ ಒಂದು ಮನೆತನ ಕಲಿತುಕೊಂಡ ಬಗೆ ಕೇಳತಕ್ಕದ್ದು.

ಕೊಕಟನೂರ ಅಥಣಿ ತಾಲೂಕಿನ ಊರು. ಯಲ್ಲಮ್ಮನ ಜಾತ್ರೆಯ ಊರು. ಸುತ್ತಲೂ ಎರೆಭೂಮಿ, ನೀರು ಬಂದಲ್ಲಿ ಕಬ್ಬು, ಬಾರದಲ್ಲಿ ಜೋಳ. ಆ ಊರಿನ ಒಬ್ಬ ಒಕ್ಕಲಿಗನ ಮಗ ಪುಣೆಯಲ್ಲಿ ಇಂಜಿನಿಯರನಾಗಿ, ನಾಲ್ಕು ಕಾಸು ಕೂಡಿಸಿ, ಒಂದು ವಿದ್ಯುತ್ ಮೋಟಾರನ್ನು ಕೊಂಡಿದ್ದ. ಸಾಮಾನ್ಯ ಮೋಟಾರಲ್ಲ, ಓಟದ ಸುಖಕ್ಕೆಂದೇ ಮಾಡಿದ, ನೆಲಕ್ಕೆ ಅಂಟಿಕೊಂಡಂತಹ, ಎರಡೇ ಆಸನದ ಗಾಡಿ. ಎಣ್ಣೆಯಿಲ್ಲ, ಹೊಗೆಯಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಜಾತ್ರೆಗೆಂದು ಹೆಂಡತಿಯೊಡನೆ ಅದರಲ್ಲಿಯೇ ಬಂದ. ಊರಿನ ಹುಡುಗರು ಮುತ್ತಿಕೊಂಡರು. ತಾಯಿ ಮಾತ್ರ ಒಳಗೆ ಇಣಿಕಿ ನೋಡಿ, 'ಮುಂದ ಮಕ್ಕಳಾದ್ರ ಎಲ್ಲಿ ಕುಂದರಸ್ತೀರಿ?' ಎಂದಳಂತೆ. ಆ ಪ್ರಶ್ನೆಗೆ ಯಾವ ಇಂಜಿನಿಯರನ ಬಳಿಯೂ ಉತ್ತರವಿರಲಾರದು.

ವೇಗದ ಗಾಡಿಯೆಂದರೆ ಆ ಸೀಮೆಯವರಿಗೆ ಹೊಸದೆಂದು ವಾಚಕರು ಭಾವಿಸಬಾರದು. ಅಥಣಿ, ಚಿಕ್ಕೋಡಿ, ರಾಯಬಾಗಗಳಲ್ಲಿ ಎತ್ತಿನ ಗಾಡಿಯ ಶರ್ಯತ್ತೆಂದರೆ ಊರಿಗೆ ಊರೇ ಹುಚ್ಚಾಗುತ್ತದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನೊಡನೆ ಗಾಡಿಯ ಓಟವನ್ನೂ ನಿಷೇಧಿಸಿದಾಗ ಇಲ್ಲಿಯ ಎಷ್ಟೋ ಮನೆಗಳಲ್ಲಿ ಸೂತಕದ ಮೌನ ಕವಿದಿತ್ತು. ಕರ್ನಾಟಕವು 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಶರ್ಯತ್ತಿನ ಗಾಡಿಯನ್ನು ಕಣ್ಣಳತೆಯಿಂದಲೇ ತೂಗಬಲ್ಲ ಮುದುಕರು ಅಲ್ಲಿ ಓಣಿಗೊಬ್ಬರಿದ್ದಾರೆ. ಅಂಥವರು ಈ ಹೊಸ ಮೋಟಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಮೊದಲು ನೋಡಿದ್ದು ಗಾಲಿಗಳನ್ನು. ಅವರ ದೃಷ್ಟಿ ಸರಿಯಾಗಿಯೇ ಇದ್ದಿತು.

ಜಾತ್ರೆಯ ಮರುದಿನ ಹೊಲದ ದಾರಿಯಲ್ಲಿ, ಡಾಂಬರು ಕಿತ್ತು ಹೋಗಿದ್ದ ಕಡೆ, ಒಂದು ಕಲ್ಲಿನ ಅಂಚು ಹಿಂದಿನ ಬಲಗಾಲಿಯ ಟಾಯರಿನ ಪಕ್ಕೆಯನ್ನು ಸೀಳಿತು. ಮೊಳೆ ಚುಚ್ಚಿದ್ದರೆ ತೇಪೆ ಹಾಕಬಹುದಿತ್ತು. ಪಕ್ಕೆ ಸೀಳಿದ ಟಾಯರಿಗೆ ತೇಪೆಯಿಲ್ಲ. ಓಡುವಾಗ ಅತಿ ಹೆಚ್ಚು ಬಾಗಿ ಬಳುಕುವ ಭಾಗ ಅದೇ. ಅಲ್ಲಿ ಅಂಟಿಸಿದ್ದು ನಿಲ್ಲದು. ಇಂತಹ ಗಾಡಿಗಳಲ್ಲಿ ಹೆಚ್ಚಿನವು ಭಾರ ಉಳಿಸಲೆಂದು ಐದನೆಯ ಗಾಲಿಯನ್ನೇ ಹೊತ್ತಿರುವುದಿಲ್ಲ. ಒಂದು ಡಬ್ಬಿಯಲ್ಲಿ ಅಂಟು, ಒಂದು ಸಣ್ಣ ಗಾಳಿಯಂತ್ರ, ಅಷ್ಟೆ. ಸೀಳಿಗೆ ಆ ಅಂಟು ಏನು ಮಾಡೀತು? ಮೋಟಾರನ್ನು ಎರಡು ಜೊತೆ ಎತ್ತು ಕಟ್ಟಿ ಎಳೆಯಬೇಕೆಂದು ಹುಡುಗರು ಉತ್ಸಾಹ ತೋರಿದರಾದರೂ, ವಿದ್ಯುತ್ ಮೋಟಾರನ್ನು ಗಾಲಿ ಉರುಳಿಸುತ್ತ ಎಳೆಯುವಂತಿಲ್ಲವೆಂದು ಮಗ ತಡೆದ. ಗಾಡಿ ಅಂಗಳದ ಬೇವಿನ ಮರದ ಕೆಳಗೆ ಒಂದು ಕಾಲು ಕುಂಟಿಕೊಂಡು ನಿಂತಿತು.

ತಂದೆ ಬಂದು ಕುಕ್ಕರುಗಾಲಿನಲ್ಲಿ ಕುಳಿತು ಟಾಯರಿನ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಓದಿಸಿಕೊಂಡರು. 275/35 ಆರ್ 20. ಮಗ ಅರ್ಥ ಹೇಳಿದ: ಮೊದಲನೆಯದು ಟಾಯರಿನ ಅಗಲ, ಮಿಲಿಮೀಟರಿನಲ್ಲಿ, ಎರಡನೆಯದು ಆ ಅಗಲಕ್ಕೆ ಪಕ್ಕೆಯ ಎತ್ತರ ನೂರಕ್ಕೆ ಎಷ್ಟೆಂಬುದು, ಕೊನೆಯದು ಒಳಗಿನ ಚಕ್ರದ ಅಡ್ಡಳತೆ, ಅಂಗುಲದಲ್ಲಿ. ಹಿರಿಯರು ಎದ್ದು ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಹಳೆಯ ಗಾಡಿಯ ಗಾಲಿಯನ್ನು ತೋರಿಸಿದರು. ಅದರ ಮೇಲೆ 8.00-19 ಎಂದಿತ್ತು, ಎತ್ತಿನ ಗಾಡಿಗೆಂದೇ ಮಾಡುವ ಟಾಯರಿನ ಅಳತೆಗಳಲ್ಲೊಂದು. ಚಕ್ರಗಳೆರಡೂ ಹೆಚ್ಚುಕಡಮೆ ಒಂದೇ. 19 ಅಂಗುಲ, 20 ಅಂಗುಲ. ಆದರೆ ಗಾಡಿಯ ಟಾಯರಿನ ಪಕ್ಕೆ ಒಂದು ಗೇಣಿನ ಸಮೀಪ ಬಂದರೆ, ಮೋಟಾರಿನದು 96 ಮಿಲಿಮೀಟರು, ಐದು ಬೆರಳಿನ ಎತ್ತರ. ಅಷ್ಟು ಗಿಡ್ಡ ಪಕ್ಕೆ ತಿರುವಿನಲ್ಲಿ ಬಳುಕದೆ ಗಾಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಕಲ್ಲಿನ ಏಟನ್ನು ನುಂಗುವಷ್ಟು ಗಾಳಿ ಮಾತ್ರ ಅದರಲ್ಲಿಲ್ಲ. 'ಹುಲಿಗಿ ತೆಳ್ಳಗ ಚಪ್ಪಲಿ ಹಾಕ್ಯಾರ' ಎಂದರು ಹಿರಿಯರು.

ರಬ್ಬರಿನ ಗಾಲಿಗೂ ಆ ಮುದುಕರಿಗೂ ಹಳೆಯ ಪರಿಚಯ. ಅವರ ತಂದೆಯ ಕಾಲದಲ್ಲಿ ಮರದ ಗಾಲಿ, ಅದಕ್ಕೆ ಕಬ್ಬಿಣದ ಪಟ್ಟಿ. ಆ ಪಟ್ಟಿ ಎರೆಮಣ್ಣಿನಲ್ಲಿ ಚೂರಿಯಂತೆ ಇಳಿಯುತ್ತಿತ್ತು; ಗಾಡಿಯನ್ನು ಎಳೆಯುವುದಕ್ಕಿಂತ ಹೂತದ್ದನ್ನು ಕೀಳುವುದರಲ್ಲಿಯೇ ಎತ್ತಿನ ಅರ್ಧ ಶಕ್ತಿ ಸೋರಿಹೋಗುತ್ತಿತ್ತು. ಗಾಳಿ ತುಂಬಿದ ಗಾಲಿ ಬಂದ ಮೇಲೆ ಅದೇ ಜೋಡಿ ಹೆಚ್ಚು ಭಾರವನ್ನು ಹಗುರಾಗಿ ಒಯ್ಯತೊಡಗಿತು. ಜನ ಅದಕ್ಕೆ 'ಡನ್ಲಪ್ ಗಾಡಿ' ಎಂದೇ ಹೆಸರಿಟ್ಟರು. ಜಾನ್ ಬಾಯ್ಡ್ ಡನ್ಲಪ್ ಎಂಬಾತ 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಮಗನ ಮೂರುಗಾಲಿಯ ಬಂಡಿಗೆಂದು ಗಾಳಿಯ ಟಾಯರನ್ನು ಮಾಡಿದ. ಅದಕ್ಕೂ ನಾಲ್ಕು ದಶಕ ಮೊದಲೇ ರಾಬರ್ಟ್ ಥಾಮ್ಸನ್ ಅದೇ ಯುಕ್ತಿಗೆ ಹಕ್ಕುಪತ್ರ ಪಡೆದಿದ್ದನಾದರೂ ಹೆಸರು ನಿಂತದ್ದು ಡನ್ಲಪ್ಪನದು. ಆತನ ವೃತ್ತಿ ಯಾವುದೆಂದರೆ ಪಶುವೈದ್ಯ! ಪಶುವೈದ್ಯಕೀಯ ಮಹಾವಿದ್ಯಾಲಯವನ್ನು ತನ್ನ ಮಗ್ಗುಲಲ್ಲಿಯೇ ಇರಿಸಿಕೊಂಡಿರುವ ಕೊಕಟನೂರಿಗೆ ಇದು ಹೆಮ್ಮೆಯ ಸಂಗತಿಯೇ ಸರಿ.

ಆದರೆ ಸುಲಭವಾಗಿ ಉರುಳುವ ಗಾಲಿಗೆ ಒಂದು ದುರ್ಗುಣವುಂಟು. ಇಳಿಜಾರಿನಲ್ಲಿಯೂ ಅದು ಅಷ್ಟೇ ಸುಲಭವಾಗಿ ಉರುಳುತ್ತದೆ. ಕಬ್ಬಿನ ಗಾಡಿಗೆ ಬ್ರೇಕೆಂಬುದು ಹೆಸರಿಗಷ್ಟೆ. ಎಷ್ಟೋ ಗಾಡಿಗಳಿಗೆ ಅದೂ ಇಲ್ಲ. ಹಿಂದಿನಿಂದ ನೂಕುವ ಭಾರವನ್ನೆಲ್ಲ ಎತ್ತುಗಳು ಕತ್ತಿನಲ್ಲಿಯೇ ತಡೆಯಬೇಕು. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಾನುಗಟ್ಟಲೆ ವಾದಿಸಿದರು. ರಾಕೆಟ್ಟು ಹಾರಿಸುವ ದೇಶ ನೊಗವನ್ನೇಕೆ ತಿದ್ದಬಾರದೆಂಬ ಅವರ ಚಿಂತೆಯನ್ನು ಕೇಳಿ ಅನೇಕರು ನಕ್ಕದ್ದುಂಟು. ಇಳಿಜಾರಿನಲ್ಲಿ ಎತ್ತಿನ ಹಿಂದೆ ನಿಂತವರು ನಗಲಾರರು.

ಈ ಮನೆಯ ಹಿರಿಯರು ನಗದಿರುವುದಕ್ಕೆ ಕಾರಣ ಬೇರೆಯೇ ಇದ್ದಿತು. 1980ರ ದಶಕದ ಒಂದು ಹಂಗಾಮಿನಲ್ಲಿ ಗಾಡಿಯ ಒಂದು ಟಾಯರು ಸವೆದು ನೂಲು ಕಂಡಿತ್ತು. ಜೋಡಿಯನ್ನೇ ಬದಲಿಸಲು ಹಣವಿರಲಿಲ್ಲ. ಒಂದನ್ನೇ, ಅದೂ ಲಾರಿಯಿಂದ ಕಳಚಿದ ಹಳೆಯದನ್ನು, ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಿದರು. ಒಂದು ಗಾಲಿ ಎತ್ತರ, ಒಂದು ತಗ್ಗು. ಕಾರ್ಖಾನೆಯ ಹಾದಿಯ ಇಳಿಜಾರಿನಲ್ಲಿ, ಮೈತುಂಬ ಕಬ್ಬು ಹೇರಿದ ಗಾಡಿಯ ಭಾರವೆಲ್ಲ ತಗ್ಗಿನ ಕಡೆಗೆ ವಾಲಿ ಆ ಹಳೆಯ ಟಾಯರು ಸಿಡಿಯಿತು. ಗಾಡಿ ಮಗುಚಿ ಬಲಗೋಲಿನ ಖಿಲಾರಿ ಎತ್ತಿನ ಕಾಲು ಮುರಿಯಿತು. ಕಾಲು ಮುರಿದ ಎತ್ತಿನ ಕಥೆ ಮುಂದೇನಾಗುವುದೆಂದು ಒಕ್ಕಲುತನ ಬಲ್ಲವರಿಗೆ ಹೇಳಬೇಕಿಲ್ಲ. ಉಳಿದದ್ದು ಎಡಗೋಲಿನದು, ಒಂಟಿ. ನಾಲ್ಕು ವರ್ಷ ಒಂದೇ ನೊಗದಲ್ಲಿ ನಡೆದು ಹೆಜ್ಜೆಗೆ ಹೆಜ್ಜೆ ಕೂಡಿಸಿದ್ದ ಎತ್ತಿಗೆ ಹೊಸ ಜೋಡಿ ಹುಡುಕುವುದು ಮರುಮದುವೆಗಿಂತ ಕಷ್ಟ. ಎರಡು ಸಂತೆ ಅಲೆದರೂ ಹೊಂದಲಿಲ್ಲ. ಕೊನೆಗೆ ಅದನ್ನು ಅರೆಬೆಲೆಗೆ ಮಾರಬೇಕಾಯಿತು. ಮಗ ಆಗ ಹುಟ್ಟಿರಲಿಲ್ಲ. ಈ ಸಂಗತಿಯನ್ನು ಅವನಿಗೆ ಯಾರೂ ಹೇಳಿಯೂ ಇರಲಿಲ್ಲ.

ಮಗನ ರಜೆ ಸೋಮವಾರಕ್ಕೆ ಮುಗಿಯುವುದಿತ್ತು. ದೂರವಾಣಿಯಲ್ಲಿ ಆ ಕಡೆ ಈ ಕಡೆ ವಿಚಾರಿಸಿದಾಗ ಮೂರು ದಾರಿಗಳು ಕಂಡವು. ಕಾರ್ಖಾನೆಯವರು ಆ ಗಾಡಿಗೆಂದೇ ಗುರುತು ಒತ್ತಿಸಿದ ಟಾಯರು ಪುಣೆಯಿಂದ ಬರಬೇಕು. ನಾಲ್ಕು ದಿನ ತಡ, ಬೆಲೆಯೂ ಮೇಲು. ಉರುಳುವಾಗ ಕಡಿಮೆ ಶಕ್ತಿ ನುಂಗುವ, ಬಹುಕಾಲ ಬಾಳುವ ಗಟ್ಟಿ ರಬ್ಬರಿನ ಟಾಯರು ಎರಡನೆಯದು. ಮೂರನೆಯದು ಸಾಂಗಲಿಯ ಒಂದು ಅಂಗಡಿಯಲ್ಲಿ ಆಗಲೇ ಇದ್ದ ಒಂದೇ ಒಂದು ಟಾಯರು. ಅದೇ ಅಳತೆ, ಮುಕ್ಕಾಲು ಬೆಲೆ, ಆ ದಿನವೇ ಹಾಕಿಸಿಕೊಂಡು ಹೊರಡಬಹುದು. ಮಗನ ಮನಸ್ಸು ಮೂರನೆಯದರತ್ತ ವಾಲಿತು. ಸೋಮವಾರದ ಹೆದರಿಕೆ ಯಾರನ್ನು ಬಿಟ್ಟೀತು?

ಎರಡನೆಯದೂ ತಳ್ಳಿಹಾಕತಕ್ಕದ್ದಲ್ಲ. ಟಾಯರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಅಮುಕಿಕೊಳ್ಳುತ್ತದೆ, ನೆಲ ಬಿಟ್ಟೊಡನೆ ಚೇತರಿಸಿಕೊಳ್ಳುತ್ತದೆ. ಪ್ರತಿ ಸುತ್ತಿಗೂ ಸ್ವಲ್ಪ ಶಕ್ತಿ ಕಾವಾಗಿ ಗಾಳಿಯ ಪಾಲಾಗುತ್ತದೆ. ಪೆಟ್ರೋಲಿನ ಮೋಟಾರು ತನ್ನ ಎಣ್ಣೆಯ ಬಹುಪಾಲನ್ನು ಇಂಜಿನ್ನಿನಲ್ಲಿಯೇ ಕಾವಾಗಿ ಕಳೆದುಕೊಳ್ಳುವುದರಿಂದ ಟಾಯರಿನ ಈ ಚಿಲ್ಲರೆ ಕಳವು ಅದರ ಲೆಕ್ಕಕ್ಕೇ ಬಾರದು. ವಿದ್ಯುತ್ ಮೋಟಾರು ಜಿಪುಣ ಸಂಸಾರಸ್ಥನಂತೆ. ಅದರ ಮನೆಯಲ್ಲಿ ಬೇರೆಲ್ಲೂ ಸೋರಿಕೆಯಿಲ್ಲ, ಆದ್ದರಿಂದ ಟಾಯರಿನ ಸೋರಿಕೆ ಎದ್ದು ಕಾಣುತ್ತದೆ. ಟಾಯರು ಬದಲಿಸಿದ ಮೇಲೆ ಒಂದು ತುಂಬಿಕೆಯಲ್ಲಿ ಹೋಗುವ ದೂರ ಕಡಿಮೆಯಾಯಿತೆಂದು ಹಲುಬುವವರು ಇದೇ ಕಾರಣಕ್ಕೆ ಹಲುಬುತ್ತಾರೆ. ಹಾಗಾದರೆ ಗಟ್ಟಿ ರಬ್ಬರೇ ಇರಲಿ ಎನ್ನೋಣವೆಂದರೆ, ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದೂ ಆ ಅಮುಕಿ ಅಂಟುವ ಮೃದುತನವೇ. ಉಳಿತಾಯ, ಬಾಳಿಕೆ, ಹಿಡಿತ: ಈ ಮೂವರು ಸವತಿಯರಲ್ಲಿ ಒಬ್ಬಳನ್ನು ಒಲಿಸಿದರೆ ಇನ್ನೊಬ್ಬಳು ಮುನಿಯುತ್ತಾಳೆ. ರಬ್ಬರಿಗೆ ಇದ್ದಿಲಿನ ಮಸಿಯ ಬದಲು ಸಿಲಿಕಾ ಬೆರೆಸಿ ಈ ಜಗಳವನ್ನು ತಕ್ಕಮಟ್ಟಿಗೆ ತೀರಿಸಿದ ಟಾಯರನ್ನು ಮಿಶೆಲಿನ್ ಕಂಪನಿ 1992ರಲ್ಲಿ ಪೇಟೆಗೆ ತಂದಿತು. ಅಂದಿನಿಂದ ಸವತಿಯರು ಮಾತಾಡುತ್ತಾರೆ, ಸ್ನೇಹಿತೆಯರೇನೂ ಆಗಿಲ್ಲ.

ವಿದ್ಯುತ್ತಿನ ಓಟದ ಗಾಡಿಯೂ ಅದಕ್ಕೆ ತಕ್ಕ ಟಾಯರೂ ನಿನ್ನೆ ಮೊನ್ನೆಯವಲ್ಲ. 1899ರ ಏಪ್ರಿಲ್ 29ರಂದು ಪ್ಯಾರಿಸಿನ ಬಳಿ ಕಾಮಿಲ್ ಜೆನಾಟ್ಸಿ ಎಂಬ ಬೆಲ್ಜಿಯಮಿನ ಸಾಹಸಿ ಗಂಟೆಗೆ 100 ಕಿಲೋಮೀಟರಿನ ಗಡಿಯನ್ನು ಮೊದಲು ದಾಟಿದ. ಆತ ಏರಿದ್ದು ವಿದ್ಯುತ್ ಮೋಟಾರು. ತೊಡಿಸಿದ್ದು ಮಿಶೆಲಿನ್ ಟಾಯರು. ಅನಂತರ ಎಣ್ಣೆಯ ಯುಗ ಬಂದು ಆ ಕಥೆ ಮರೆತುಹೋಯಿತು. ನಮ್ಮ ಬೆಂಗಳೂರಿನ ರೇವಾ 2001ರಲ್ಲಿ ರಸ್ತೆಗಿಳಿದಾಗ ಅದು ಓಟದ ಗಾಡಿಯಾಗಿರಲಿಲ್ಲ, ಸಂತೆಯ ಚೀಲದಂತಹ ಪುಟ್ಟ ಉಪಕಾರಿ. ಅದರ ಟಾಯರು ಯಾವ ಅಂಗಡಿಗೂ ತೊಡಕಾಗದು. 2008ರಲ್ಲಿ ಅಮೆರಿಕದಿಂದ ಹೊರಟ ಟೆಸ್ಲಾ ರೋಡ್‌ಸ್ಟರ್ ವಿದ್ಯುತ್ತಿಗೆ ಮತ್ತೆ ಓಟದ ಕೀರ್ತಿಯನ್ನು ತಂದಿತು. ಜೊತೆಗೆ ಟಾಯರಿನ ತಲೆನೋವನ್ನೂ ತಂದಿತು. ಅದರ ಮುಂದಿನ ಗಾಲಿಗೆ 175/55 ಆರ್ 16, ಹಿಂದಿನದಕ್ಕೆ 225/45 ಆರ್ 17. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸಿ ಸವೆತವನ್ನು ಸಮವಾಗಿ ಹಂಚುವಂತಿಲ್ಲ. ಕಾಲೊತ್ತಿದ ಕ್ಷಣದಲ್ಲಿಯೇ ಪೂರ್ಣ ಬಲ ಹಿಂದಿನ ಗಾಲಿಗೆ ಬರುವುದರಿಂದ ಮೊದಲು ಸವೆಯುವುದೂ ಅವೇ. ಕೊಕಟನೂರಿನ ಬೇವಿನ ಕೆಳಗೆ ನಿಂತಿದ್ದ ಗಾಡಿಯ ತೊಡಕೂ ಇದೇ ಜಾತಿಯದು.

ಸಾಂಗಲಿಯ ಟಾಯರಿನ ಚಿತ್ರವನ್ನು ಅಂಗಡಿಯವನು ದೂರವಾಣಿಯಲ್ಲಿ ಕಳಿಸಿದ್ದ. ಹಿರಿಯರು ಕನ್ನಡಕ ಏರಿಸಿ ಎರಡರ ಅಂಕೆಗಳನ್ನೂ ಹೋಲಿಸತೊಡಗಿದರು. ಸೀಳಿದ್ದರ ಮೇಲೆ ಅಳತೆಯ ಮುಂದೆ 102 ಎಂದಿತ್ತು. ಇದರ ಮೇಲೆ 98.

'ಇದೇನಿದು?'

ಅದು ಭಾರದ ಸಂಕೇತವೆಂದು ಮಗ ಹೇಳಿದ. 102 ಎಂದರೆ ಒಂದೊಂದು ಟಾಯರು 850 ಕಿಲೋ ತಾಳಬಲ್ಲುದು. 98 ಎಂದರೆ 750. ಬ್ಯಾಟರಿ ಹೊತ್ತ ಗಾಡಿ ಹೆಣಭಾರವಾದ್ದರಿಂದ ಕಾರ್ಖಾನೆಯವರು ಹೆಚ್ಚಿನದನ್ನು ಹಾಕುತ್ತಾರೆ. ಆದರೆ ಅಂಗಡಿಯವನ ಲೆಕ್ಕ ಬೇರೆ: ಇಡೀ ಗಾಡಿ ಎರಡು ಟನ್ನು, ಹಿಂದಿನ ಅಚ್ಚಿನ ಮೇಲೆ ಅರ್ಧವೆಂದರೂ ಒಂದು ಟನ್ನು, ಎರಡು ಟಾಯರು ಕೂಡಿ 1500 ಕಿಲೋ ತಾಳುವುದಾದರೆ ಭಯವೇತಕ್ಕೆ? ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಹಿರಿಯರು ಲೆಕ್ಕ ಹುಡುಕಲಿಲ್ಲ. 'ನಿಂತಾಗಿನ ಭಾರ ಹೇಳ್ತಾನವ. ಇಳಕಲಾಗ ಭಾರ ಎರಡೂ ಗಾಲಿಮ್ಯಾಲ ಸಮ ಕುಂದರತೈತೇನು?' ಎಂದು ಕೇಳಿದರು. ಅನಂತರ ಮೊದಲ ಬಾರಿಗೆ ಆ ಬಲಗೋಲಿನ ಎತ್ತಿನ ಸಂಗತಿಯನ್ನು ಹೇಳಿದರು. ಹೆಚ್ಚು ಮಾತಿಲ್ಲ, ನಾಲ್ಕೇ ವಾಕ್ಯ. ಮಗ ಇಂಜಿನಿಯರನಲ್ಲವೆ? ವೇಗವಾಗಿ ತಿರುಗುವಾಗ ಹೊರಗಾಲಿಗೆ, ಜಗ್ಗಿ ಹೊರಡುವಾಗ ಹಿಂಗಾಲಿಗೆ, ಗುಂಡಿಯಲ್ಲಿ ಬಿದ್ದಾಗ ಬಿದ್ದ ಗಾಲಿಗೆ ಭಾರ ಸರಿಯುವುದೆಂಬುದನ್ನು ಅವನೇ ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದವನು. ತಂದೆ ಅದನ್ನು ಕಬ್ಬಿನ ಹಾದಿಯಲ್ಲಿ ಕಲಿತಿದ್ದರು. ಅವನು ಸುಮ್ಮನಾದ.

ಹಿರಿಯರ ಎರಡನೆಯ ಪ್ರಶ್ನೆ ಟಾಯರಿನ ವಯಸ್ಸಿನದು. ಎತ್ತು ಕೊಳ್ಳುವವನು ಬಾಯಿ ತೆರೆದು ಹಲ್ಲೆಣಿಸುತ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಟಾಯರಿಗೂ ಹಲ್ಲುಂಟೆ? ಉಂಟು. ಪಕ್ಕೆಯ ಮೇಲೆ ನಾಲ್ಕು ಅಂಕೆಗಳು ಒತ್ತಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಒಂದೂ ಮೈಲು ಓಡದೆ ಅಂಗಡಿಯ ಕಾವಿನಲ್ಲಿ ಕುಳಿತ ರಬ್ಬರೂ ಮುದಿಯಾಗುತ್ತದೆ, ಬಿರುಸಾಗುತ್ತದೆ. ಅಂಗಡಿಯವನನ್ನು ಆ ಅಂಕೆಗಳ ಚಿತ್ರ ಕೇಳಿದಾಗ ಅವನು ಬೆಲೆಯನ್ನು ಇನ್ನಷ್ಟು ಇಳಿಸಿದನೇ ಹೊರತು ಚಿತ್ರ ಕಳಿಸಲಿಲ್ಲ.

ಅಷ್ಟರವರೆಗೆ ಸುಮ್ಮನಿದ್ದ ಸೊಸೆ ಆಗ ಬಾಯಿ ತೆರೆದಳು. ಪುಣೆಯಲ್ಲಿ ದಿನವೂ ಆ ಗಾಡಿಯನ್ನು ಹೆಚ್ಚಾಗಿ ನಡೆಸುವವಳು ಆಕೆಯೇ ಎಂಬುದು ಮಾವನವರಿಗೆ ತಿಳಿದದ್ದೂ ಆಗಲೇ. ಹೋದ ಮಳೆಗಾಲದ ಒಂದು ರಾತ್ರಿ ಸಾತಾರೆ ದಾಟಿ ಖಂಬಾಟಕಿ ಘಾಟಿನಲ್ಲಿ ಒಬ್ಬಳೇ ಬರುತ್ತಿದ್ದಾಗ, ಮುಂದಿನ ಲಾರಿ ತಟ್ಟನೆ ನಿಂತು, ಆಕೆಯ ಗಾಡಿ ನೀರಿನ ಮೇಲೆ ಜಾರುತ್ತ ಜಾರುತ್ತ ಲಾರಿಯ ಬೆನ್ನಿಗೆ ಒಂದು ಮೊಳ ಉಳಿದಾಗ ನಿಂತಿತ್ತು. ಗಂಡನಿಗೆ ಹೇಳಿದರೆ ಗಾಡಿಯನ್ನೇ ಕಸಿದುಕೊಂಡಾನೆಂದು ಹೇಳಿರಲಿಲ್ಲ. 'ದೂರ ಹತ್ತು ಕಿಲೋಮೀಟರು ಕಡಿಮೆ ಬರಲಿ, ಎರಡು ವರ್ಷಕ್ಕೇ ಸವೆಯಲಿ, ಮಳೆಯಲ್ಲಿ ನಿಲ್ಲುವುದನ್ನು ತನ್ನಿ' ಎಂದಳು. ಗಟ್ಟಿ ರಬ್ಬರಿನ ಎರಡನೆಯ ದಾರಿಯೂ ಅಲ್ಲಿಗೆ ಮುಚ್ಚಿತು. ಯುರೋಪಿನಲ್ಲಿ 2012ರಿಂದಲೂ ಪ್ರತಿಯೊಂದು ಹೊಸ ಟಾಯರಿಗೆ ಚೀಟಿ ಅಂಟಿಸುತ್ತಾರೆ: ಉರುಳುವಿಕೆಗೆ ಒಂದು ಅಕ್ಷರ, ಒದ್ದೆನೆಲದ ಹಿಡಿತಕ್ಕೆ ಒಂದು ಅಕ್ಷರ, ಸದ್ದಿಗೆ ಒಂದು ಅಳತೆ. ಮಗ ಆ ಅಕ್ಷರಗಳನ್ನು ಹುಡುಕಿ, ಹಿಡಿತದಲ್ಲಿ ಮೇಲಿನದನ್ನು ಆರಿಸಿದ. ಅದು ಪುಣೆಯಿಂದ ಬರಬೇಕಾದ ಮೊದಲನೆಯದೇ ಆಗಿತ್ತು. ಸೋಮವಾರ ಕಚೇರಿಗೆ ಒಂದು ಪತ್ರ ಹೋಯಿತು, ಆಕಾಶವೇನೂ ಬೀಳಲಿಲ್ಲ.

ಇನ್ನುಳಿದದ್ದು ಒಂದೇ ಪ್ರಶ್ನೆ. ಸೀಳಿದ್ದು ಒಂದು, ಎಡಗಡೆಯದು ಅರ್ಧ ಸವೆದಿದ್ದರೂ ಸುಸ್ಥಿತಿಯಲ್ಲಿತ್ತು. ಕಾನೂನಿನ ಪ್ರಕಾರ ಮೋಟಾರಿನ ಟಾಯರಿನ ಗೀರು 1.6 ಮಿಲಿಮೀಟರಿಗೆ ಇಳಿಯುವ ತನಕ ಓಡಿಸಬಹುದು. ಅದರಲ್ಲಿ ನಾಲ್ಕರ ಮೇಲಿತ್ತು. ಒಂದನ್ನೇ ತರಿಸಿದರೆ ಸಾಲದೆ? ಒಂದೊಂದರ ಬೆಲೆಗೂ ಒಂದು ಹೋರಿಗರು ಬರುತ್ತದೆಂದು ತಾಯಿಯ ಗೊಣಗಾಟ ಬೇರೆ. ಒಂದೇ ಅಚ್ಚಿನಲ್ಲಿ ಒಂದು ಹೊಸದು, ಒಂದು ಸವೆದದ್ದು ಇದ್ದರೆ ಸುತ್ತಳತೆ ಬೇರೆಯಾಗುತ್ತದೆ. ಒಂದು ಗಾಲಿ ಇನ್ನೊಂದಕ್ಕಿಂತ ಸದಾ ಹೆಚ್ಚು ತಿರುಗಬೇಕಾಗುತ್ತದೆ. ಒದ್ದೆಯಲ್ಲಿ ಬ್ರೇಕು ಒತ್ತಿದಾಗ ಒಂದು ಹಿಡಿದು ಒಂದು ಜಾರುತ್ತದೆ. ಮಗ ಇದನ್ನು ವಿವರಿಸಲು ಬಾಯಿ ತೆರೆಯುವ ಮೊದಲೇ ಹಿರಿಯರು ಒಳಗೆ ಹೋಗಿ ಟ್ರಂಕಿನಿಂದ ಕಬ್ಬಿನ ಬಿಲ್ಲಿನ ಹಣ ತಂದು ಅವನ ಮುಂದಿಟ್ಟರು. 'ಜೋಡಿ ತರಸು' ಎಂದರು. ಮಗ ಹಣ ಮುಟ್ಟಲಿಲ್ಲ, ಜೋಡಿ ತರಿಸಿದ.

ಐದನೆಯ ದಿನ ಮೋಟಾರನ್ನು ಚಪ್ಪಟೆ ಲಾರಿಯ ಮೇಲೇರಿಸಿ, ಇಪ್ಪತ್ತಂಗುಲದ ಚಕ್ರವನ್ನು ತೂಗಿ ಸರಿಪಡಿಸುವ ಯಂತ್ರವಿದ್ದ ಊರಿಗೆ ಒಯ್ದರು. ಹಿರಿಯರೂ ಲಾರಿಯ ಮುಂದಿನ ಆಸನದಲ್ಲಿ ಕುಳಿತು ಜೊತೆಗೆ ಹೋದರು. ಹೊಸ ಟಾಯರುಗಳ ನಾಲ್ಕಂಕೆಯನ್ನು ತಾವೇ ಓದಿ, ಎರಡೂ ಒಂದೇ ವಾರದವೆಂದು ಖಾತ್ರಿಪಡಿಸಿಕೊಂಡರು. ಹಳೆಯದನ್ನು ಕಳಚಿದಾಗ ಅದರ ಒಳಮೈಗೆ ಸದ್ದಡಗಿಸಲು ಅಂಟಿಸಿದ್ದ ಸ್ಪಂಜಿನ ಪಟ್ಟಿ ಕಂಡಿತು. ಅದನ್ನು ಒತ್ತಿ ಒತ್ತಿ ನೋಡಿ, ನೊಗಕ್ಕೆ ಇಂಥದೊಂದು ಮೆತ್ತೆ ಹಾಕಬಹುದಲ್ಲ ಎಂದು ಅಂಗಡಿಯ ಹುಡುಗನನ್ನು ಕೇಳಿದರಂತೆ. ಅವನು ನಕ್ಕ.

ಉಳಿದ ಎಡಗಡೆಯ ಟಾಯರನ್ನು ಅಲ್ಲಿಯೇ ಮಾರಿಬಿಡುವುದೆಂದಾಯಿತು. ಅಂಗಡಿಯವನು ಅದನ್ನು ತಿರುಗಿಸಿ ನೋಡಿ, ಗೀರಿಗೆ ಅಳತೆಕಡ್ಡಿ ಇಳಿಸಿ, ಒಂದು ಬೆಲೆ ಹೇಳಿದ. ಅದು ಬಹಳ ಕಡಿಮೆಯೆಂದು ಮಗ ಚೌಕಾಸಿಗೆ ನಿಂತ. ಜೋಡಿಯಿದ್ದಿದ್ದರೆ ಮೂರರಷ್ಟು ಕೊಡುತ್ತಿದ್ದೆ, ಒಂಟಿಗೆ ಗಿರಾಕಿಯಿಲ್ಲ ಎಂದ ಅಂಗಡಿಯವನು.

ಹಿರಿಯರು ಮಗನ ತೋಳು ಹಿಡಿದು ಹಿಂದಕ್ಕೆ ಜಗ್ಗಿದರು. 'ಕೊಟ್ಟ ಬಿಡು. ಸಂತಿಯೊಳಗ ನನಗೂ ಹಿಂಗ ಅಂದಿದ್ರು.'